ಬಾಳೆನಾರು ನೆನೆಯುತ್ತಿದ್ದ ಬಿಳಿ ಬಾಟಲಿ

ಬಾಟಲಿಯ ಮುಚ್ಚಳ ತಿರುಗಿಸಿದಾಗ ಒಂದು ವಾಸನೆ ಬಂತು. ಒದ್ದೆ ಕರಿಹಲಗೆಯ ಮೇಲೆ ಸೀಮೆಸುಣ್ಣ ಎಳೆದರೆ ಬರುತ್ತದಲ್ಲ, ಅಂಥದ್ದು. ಕೊನೆಯಲ್ಲಿ ಸ್ವಲ್ಪ ಕಹಿ. ಆ ವಾಸನೆಗೂ ಮಲ್ಲಿಗೆಗೂ ಯಾವ ಸಂಬಂಧವೂ ಇಲ್ಲ. ಆದರೂ ಕುಮಟಾದ ನನ್ನ ಬಾಡಿಗೆ ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದ ನನಗೆ ಮೊದಲು ನೆನಪಾದದ್ದು ಮಲ್ಲಿಗೆ ಮೊಗ್ಗು. ಅದರ ಹಿಂದೆ ಒದ್ದೆ ಬಾಳೆನಾರು. ಅದರ ಹಿಂದೆ ಹೂವಿನತ್ತೆ...

ಮುಚ್ಚಳ ಹಾಕಿ ಬಾಟಲಿಯನ್ನು ಅಲುಗಿಸಿದೆ. ಗುಳಿಗೆಗಳ ಜೊತೆ ತೇವ ಹೀರಲೆಂದು ಒಳಗೊಂದು ಪುಟ್ಟ ಡಬ್ಬಿ ಹಾಕಿರುತ್ತಾರೆ. ಅದು ಗಿಲಗಿಲ ಎಂದಿತು. ಆ ಶಬ್ದವನ್ನು ನಾನು ಹತ್ತು ವರ್ಷದಿಂದ ಕೇಳಿರಲಿಲ್ಲ.

ಹೈಸ್ಕೂಲಿನಿಂದಲೂ ನಾನು ದಿನಚರಿ ಬರೆಯುವವಳು. ಮಳೆ ಯಾವ ದಿನ ಹಿಡಿಯಿತು, ಬಸ್ಸು ಎಷ್ಟು ತಡವಾಯಿತು, ಯಾರ ಮನೆಯ ದನ ಕರು ಹಾಕಿತು, ಎಲ್ಲ ಬರೆದಿಡುವುದು ನನ್ನ ಚಟ. ಮನೆಯಲ್ಲಿ ಇದೊಂದು ತಮಾಷೆ. "ನಂಗೆ ನೆನಪಿಲ್ಲ, ಇವ್ಳತ್ರ ಕೇಳಿ, ಹೋದ ವರ್ಷ ಬೆಕ್ಕು ಎಷ್ಟು ಮರಿ ಹಾಕ್ತು ಅಂತ್ಲೂ ಹೇಳ್ತಾಳೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಹೂವಿನತ್ತೆಯ ಬಗ್ಗೆಯೂ ಬೇಕಾದಷ್ಟು ಬರೆದಿದ್ದೆ. ಈಚೆಗೆ ಒಂದು ಭಾನುವಾರ ಹಾಳೆಯ ನಡುವೆ ಗೆರೆ ಎಳೆದು, ಅವಳ ವಿಷಯದಲ್ಲಿ ಗೊತ್ತಿರುವುದನ್ನು ಎಡಕ್ಕೆ, ಗೊತ್ತಿಲ್ಲದ್ದನ್ನು ಬಲಕ್ಕೆ ಬರೆಯಲು ಕೂತೆ. ಎಡಕ್ಕೆ ಬರೆದ ಸಾಲುಗಳನ್ನು ಒಂದೊಂದಾಗಿ ಹೊಡೆದು ಬಲಕ್ಕೆ ಸಾಗಿಸಬೇಕಾಯಿತು. ಲೆಕ್ಕ ಕೂಡಿಸಿದ ಹಾಗೆ ಕೂಡಿಸುತ್ತ ಹೋದರೆ ಮನುಷ್ಯರು ಸಿಗುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಇಲ್ಲ ಎಂದು ಕಾಣುತ್ತದೆ.

ಈ ಗುಳಿಗೆ ನನಗೆ ಏಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮದುವೆಯಾಗಲಿರುವವನು ಹೊನ್ನಾವರದವನು. ಕಾಸರಕೋಡಿನಲ್ಲಿ ಮೀನಿನ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಾನೆ. ಹುಟ್ಟುವಾಗಲೇ ತಾಯಿಯಿಂದ ಅವನಿಗೆ ಎಚ್‌ಐವಿ ಬಂದಿತ್ತು. ಚಿಕ್ಕಂದಿನಿಂದ ದಿನವೂ ಗುಳಿಗೆ ತೆಗೆದುಕೊಳ್ಳುತ್ತ ಬಂದಿದ್ದಾನೆ. ರಕ್ತದಲ್ಲಿ ವೈರಸ್ಸು ಈಗ ಪರೀಕ್ಷೆಗೆ ಸಿಗದಷ್ಟು ಕಡಿಮೆ. ಹೀಗಿರುವಾಗ ಅವನಿಂದ ನನಗೆ ಬರುವ ಭಯವಿಲ್ಲ ಎಂದು ಡಾಕ್ಟರು ಹೇಳಿದರು. ನನ್ನ ಮುಖ ನೋಡಿ, ಮನಸ್ಸಿಗೆ ಧೈರ್ಯ ಬೇಕಿದ್ದರೆ ಸೋಂಕು ಬಾರದಂತೆ ಮೊದಲೇ ತೆಗೆದುಕೊಳ್ಳುವ ಗುಳಿಗೆಯೂ ಇದೆ, ಮದುವೆಗೆ ಸ್ವಲ್ಪ ಮುಂಚೆ ಶುರು ಮಾಡಿ ಮೊದಲ ದಿನಗಳವರೆಗೆ ಅದನ್ನು ತೆಗೆದುಕೊಳ್ಳಬಹುದು ಎಂದರು. ನಾನು ಬೇಕು ಎಂದೆ. ಬೇಕು ಎಂದದ್ದು ಅವನಿಗೆ ನೋವಾಯಿತೋ ಇಲ್ಲವೋ, ಅದೂ ಗೊತ್ತಿಲ್ಲ. ಹೊರಗೆ ಬಂದ ಮೇಲೆ ಅವನು ನಕ್ಕ. "ಇರ್ಲಿ ಬಿಡು. ನಿನ್ನ ಗುಳಿಗೆ, ನನ್ನ ಗುಳಿಗೆ ದಾಯಾದಿಗಳು. ಮದುವೆಗೆ ಮೊದ್ಲೇ ಎರಡು ಮನೆಯವ್ರೂ ಸಂಬಂಧಿಕ್ರಾದ್ರು." ಇದನ್ನೆಲ್ಲ ಇಲ್ಲಿ ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ.

ಬಾಟಲಿಯ ಜೊತೆ ಒಂದು ಕಾಗದ ಬರುತ್ತದೆ. ಮಡಿಕೆಯ ಮೇಲೆ ಮಡಿಕೆ ಹಾಕಿ, ಇರುವೆಯ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿದ ಕಾಗದ. ಯಾರೂ ಓದದಿರಲಿ ಎಂದೇ ಅಷ್ಟು ಸಣ್ಣಕ್ಕೆ ಹಾಕುತ್ತಾರೇನೋ. ನಾನು ಓದಿದೆ. ಕೊನೆಯ ಸಾಲಿನವರೆಗೂ ಓದಿದೆ. ಅಂಥ ಕಾಗದವನ್ನು ಹಿಂದೊಮ್ಮೆ ಅರ್ಧ ಓದಿದ್ದೆ. ಉಳಿದರ್ಧ ಬಚ್ಚಲ ಒಲೆಗೆ ಹೋಗಿತ್ತು.

ಹೂವಿನತ್ತೆ ನಮಗೆ ಸಂಬಂಧಿಕಳಲ್ಲ. ಶಿರಾಲಿಯಲ್ಲಿ ನಮ್ಮ ಬೇಲಿಯಾಚೆ ಅವಳ ಮನೆ. ಅಂಗಳದಲ್ಲಿ ಬಟ್ಟೆ ಒಣಗಿಸುವುದಕ್ಕೂ ಜಾಗ ಬಿಡದ ಹಾಗೆ ಮಲ್ಲಿಗೆ ಗಿಡ. ಬೆಳಗಿನಲ್ಲಿ ಮೊಗ್ಗು ಕೊಯ್ದು, ಬಿಸಿಲೇರುವುದರೊಳಗೆ ಕಟ್ಟಿ ಮುಗಿಸಬೇಕಿತ್ತು. ಭಟ್ಕಳ ಪೇಟೆಗೆ ಹೂವು ಒಯ್ಯುವವನು ಸ್ಕೂಟರಿನಲ್ಲಿ ಬಂದು ಹಾರ್ನ್ ಹೊಡೆಯುವ ಹೊತ್ತಿಗೆ ಮಾಲೆಗಳು ಬಾಳೆಲೆಯಲ್ಲಿ ಸುತ್ತಿ ತಯಾರಾಗಿರಬೇಕು. ಅವಳ ಜಗಲಿಯಲ್ಲಿ ಕೂತು ಅಮ್ಮ ಕಟ್ಟುತ್ತಿದ್ದಳು, ನಾನು ಕಟ್ಟುತ್ತಿದ್ದೆ. ಊರಿಗೆಲ್ಲ ಹಾಲು ಕೊಡುತ್ತಿದ್ದ ಒಬ್ಬ ಅಜ್ಜಿ ಹಾಲಿನ ಜೊತೆ ಸುದ್ದಿಯನ್ನೂ ಹಂಚಿ ಮುಗಿಸಿ ಬಂದು ಕೂರುತ್ತಿದ್ದಳು. ಅಜ್ಜಿ ಕಟ್ಟುತ್ತಿದ್ದದ್ದು ಕಡಿಮೆ.

ಬೇರೆ ಮನೆಗಳಲ್ಲಿ ನಾರಿನ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕಟ್ಟುವವರಿದ್ದರು. ಹೂವಿನತ್ತೆ ಬಿಡುತ್ತಿರಲಿಲ್ಲ. ಜಗಲಿಯ ಕಂಬಗಳಿಗೆ ಮೊಳೆ ಹೊಡೆಸಿದ್ದಳು, ಅದಕ್ಕೇ ಸಿಕ್ಕಿಸಬೇಕು. "ಪೇಟೆಗೆ ಹೋದ್ಮೇಲೆ ಯಾವ್ದು ದೇವ್ರಿಗೆ, ಯಾವ್ದು ಮದುಮಗಳಿಗೆ ಅಂತ ನಮ್ಗೆ ಗೊತ್ತಾಗ್ತದನೆ? ಎಲ್ಲ ದೇವ್ರಿಗೆ ಅಂತ್ಲೇ ಕಟ್ಟು" ಎನ್ನುವಳು. ಮೊಗ್ಗನ್ನು ಮೂಗಿನ ಹತ್ತಿರ ಒಯ್ದರೆ ಕೈಗೆ ಪೆಟ್ಟು ಬೀಳುತ್ತಿತ್ತು. ಇಡೀ ಬೆಳಿಗ್ಗೆ ಮಲ್ಲಿಗೆಯ ನಡುವೆ ಕೂತು ಮಲ್ಲಿಗೆ ಮೂಸದೆ ಏಳುತ್ತಿದ್ದೆವು.

ನಾರು ಒಣಗಿದರೆ ತುಂಡಾಗುತ್ತದೆ. ನೀರಲ್ಲಿ ನೆನೆಸಿಡಬೇಕು. ಹೂವಿನತ್ತೆಯ ಜಗಲಿಯಲ್ಲಿ ನಮ್ಮೊಬ್ಬೊಬ್ಬರ ಎದುರಿಗೂ ಒಂದೊಂದು ಬಿಳಿ ಪ್ಲಾಸ್ಟಿಕ್ ಬಾಟಲಿ ಇರುತ್ತಿತ್ತು. ಬಾಯಿ ಅಗಲ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಬಾಳೆನಾರಿನ ಸಿಂಬೆ ಸರಿಯಾಗಿ ಕೂರುತ್ತಿತ್ತು. ನೀರಿಗೆ ನೆನೆದು ನೆನೆದು ಚೀಟಿಗಳು ಕಿತ್ತುಹೋಗಿದ್ದವು. ಅವು ಗುಳಿಗೆಯ ಬಾಟಲಿಗಳು ಎಂಬುದು ನಮಗೆಲ್ಲ ಗೊತ್ತಿತ್ತು. ತುಂಬಿದ ಬಾಟಲಿ ಒಳಗಿನ ಗೂಡಿನಲ್ಲಿ ಇರುತ್ತಿತ್ತು. ಗಂಜಿ ಊಟವಾದ ಮೇಲೆ ಒಳಗಿನಿಂದ ಗಿಲಗಿಲ ಕೇಳಿದರೆ, "ಅತ್ತೆ ಗಿಲಕಿ ಆಡ್ಸೂಕೆ ಶುರು ಮಾಡ್ತು" ಎಂದು ಅಜ್ಜಿ ನಗಿಸುತ್ತಿದ್ದಳು. "ಲಿವರಿಗೆ ಗುಳಿಗೆ ಮಾರಾಯ್ತಿ, ನಿಂಗೆ ಎಂತ ಗೊತ್ತು" ಎಂದು ಅತ್ತೆ ಒಳಗಿನಿಂದಲೇ ಬೈಯುತ್ತಿದ್ದಳು.

ಅದು ಲಿವರಿನದ್ದೇ. ಗರ್ಭಕೋಶದ ಆಪರೇಶನ್ನಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾಗಿತ್ತು. ಕಾಮಾಲೆಯ ಜಾತಿಯದ್ದು, ಮೈಯಲ್ಲಿ ಅಡಗಿ ಕೂತಿದೆ, ದಿನಕ್ಕೊಂದು ಗುಳಿಗೆ, ಬಿಡಬೇಡಿ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದರಂತೆ. ಬಿಟ್ಟರೆ ಏನಾಗುತ್ತದೆ ಎಂದು ಹೇಳಿದ್ದರೋ, ಅವಳು ಮರೆತಿದ್ದಳೋ... ಈ ಸಾಲು ನನ್ನ ಹಾಳೆಯ ಬಲಗಡೆಯಲ್ಲಿದೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಗುಳಿಗೆ ಮುಗಿದಿತ್ತು. ಹೂವಿನ ಹಂಗಾಮು, ಆಸ್ಪತ್ರೆಗೆ ಹೋಗಿ ಬರಲು ಒಂದು ದಿನವೂ ಬಿಡುವಿಲ್ಲ. ಸ್ಕೂಟರಿನವನ ಕೈಯಲ್ಲಿ ಖಾಲಿ ಬಾಟಲಿ ಕೊಟ್ಟು, "ತಮ್ಮಾ, ಪೇಟೆಯಲ್ಲಿ ಇದು ಸಿಕ್ರೆ ಹಿಡ್ಕೊಂಡು ಬಾ" ಎಂದಳು. ಅವನು ಪಾಪ, ಹಿಡಿದುಕೊಂಡೇ ಬಂದ. ಆದರೆ ಆ ದಿನ ಅವನು ಸ್ಕೂಟರಿನಿಂದ ಇಳಿಯಲಿಲ್ಲ. ಬಾಟಲಿಯ ಚೀಲವನ್ನು ಗೇಟಿಗೆ ಸಿಕ್ಕಿಸಿದ. ಮಾಲೆ ತೆಗೆದುಕೊಂಡು ಹೋದವನು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಬಾಳೆಲೆಯೊಳಗೆ ಮಾಲೆಗಳು ಅರಳಿ ಕೆಂಪಾದವು. ನಾಲ್ಕನೆಯ ದಿನ ಅವನು ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಹೋಗುತ್ತಿದ್ದಾಗ ಅತ್ತೆ ಅಡ್ಡ ನಿಂತಳು.

"ಎಂತ ಆತು ತಮ್ಮಾ? ಹೂವು ಸಣ್ಣ ಆತಾ?"

"ಹೂವಿಗೆ ಎಂತ ಆಗ್ಲಿಲ್ಲ ಅಕ್ಕಾ."

"ಮತ್ತೆ?"

ಅವನು ಹ್ಯಾಂಡಲ್ ನೋಡುತ್ತ ಮಾತಾಡಿದ. "ನಾನು ಹೇಳುದಲ್ಲ. ಮದ್ದಿನ ಅಂಗಡಿಯಲ್ಲಿ ನಾಲ್ಕು ಜನ ಇದ್ರು. ಬಾಟ್ಲಿ ನೋಡ್ತಿದ್ದಂಗೆ ಗಲ್ಲೆಯಲ್ಲಿದ್ದವ ಜೋರಾಗಿ, ಏಡ್ಸ್ ಗುಳಿಗೆ ಯಾರಿಗೆ ಅಂತ ಕೇಳ್ದ. ನಂಗೆ ನೆಲ ಬಿರಿದ್ರೆ ಸಾಕಿತ್ತು. ಈಗ ಗಿರಾಕಿ ಕೇಳ್ತ್ರು, ಯಾರ ಮನೆ ಹೂವು ಅಂತ..."

ಹೂವಿನತ್ತೆ ದಾರಿ ಬಿಟ್ಟು ನಿಂತಳು.

ನಾನಾಗ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದೆ. ಆ ಸಂಜೆ ನನ್ನನ್ನು ಕರೆದು ಬಚ್ಚಲ ಒಲೆಯ ಎದುರು ಕೂರಿಸಿದಳು. ಸ್ನಾನಕ್ಕೆ ನೀರು ಕಾಯುತ್ತಿತ್ತು. ಹೊಸ ಬಾಟಲಿಯ ಜೊತೆ ಬಂದ ಕಾಗದ ಬಿಡಿಸಿ, "ತಂಗೀ, ನೀನು ಸಾಯನ್ಸ್ ಓದುದಲ್ವನೆ? ಇದ್ರಲ್ಲಿ ಎಂತ ಬರ್ದಿದ್ದಾರೆ ಹೇಳು. ಇದ್ದದ್ದು ಇದ್ದಂಗೆ ಹೇಳು" ಎಂದಳು.

ನಾನು ಬೆರಳಿಟ್ಟು ಓದಿದೆ. ಇದು ಯಾವ ಯಾವ ರೋಗಕ್ಕೆ ಎಂಬಲ್ಲಿ ಮೊದಲು ಬಂದ ಹೆಸರು ಎಚ್‌ಐವಿ. ಹೇಳಿದೆ. ಅದರ ಕೆಳಗೆ ಹೆಪಟೈಟಿಸ್ ಬಿ ಎಂದೂ ಇತ್ತು. ಅದನ್ನೂ ಹೇಳಿದೆ, ಆದರೆ ಅಷ್ಟರಲ್ಲಿ ಅವಳು ಕಾಗದ ಕಿತ್ತುಕೊಂಡಾಗಿತ್ತು. ಒಲೆಗೆ ಹಾಕಿದಳು. ತೆಳ್ಳಗಿನ ಕಾಗದ, ಉರಿಯುವುದಕ್ಕೆ ಏನೂ ಹೊತ್ತು ಹಿಡಿಯಲಿಲ್ಲ.

"ಎರಡಕ್ಕೂ ಅಂತ ಇದೆ ಅತ್ತೆ" ಎಂದೆ.

"ಎರಡಕ್ಕೂ ಒಂದೇ ಗುಳಿಗೆ ಹೆಂಗಾಗ್ತದೆ? ಜ್ವರಕ್ಕೂ ಕಾಲು ಮುರಿದದ್ದಕ್ಕೂ ಒಂದೇ ಮದ್ದು ಕೊಡ್ತ್ರಾ?" ಎಂದು ಕೇಳಿದಳು. ಒಲೆಗೆ ಸೌದೆ ದೂಡಿ, ಬೇರೆಯೇ ದನಿಯಲ್ಲಿ, "ಡಾಕ್ಟ್ರು ನನ್ನ ಮೋರೆ ನೋಡಿ ಸುಳ್ಳು ಹೇಳಿರ್ಬೌದಾ?" ಎಂದಳು. ಅವಳ ಗಂಡ ಗೋವಾ ಬದಿಯ ಬೋಟಿಗೆ ಹೋಗುತ್ತಿದ್ದವರು, ಹೊಟ್ಟೆ ಬಾತು ತೀರಿಕೊಂಡಿದ್ದರು. ಕುಡಿದು ಸತ್ತರು ಎಂದು ಊರು ಹೇಳಿತ್ತು. ಅವರು ಕುಡಿಯುತ್ತಿರಲಿಲ್ಲ ಎಂದು ಅತ್ತೆ ಎಲ್ಲರ ಜೊತೆ ಜಗಳವಾಡಿದ್ದಳು. ಈಗ ಒಲೆಯ ಬೂದಿ ಕೆದಕುತ್ತ, "ಅವ್ರು ಎಂತದ್ರಲ್ಲಿ ಹೋದದ್ದನೆ ಹಾಗಾದ್ರೆ?" ಎಂದು ನನ್ನನ್ನು ಕೇಳಿದಳು. ನನಗಾಗ ಹದಿನೇಳು ವರ್ಷ. ಆ ಪ್ರಶ್ನೆಯೂ ಹಾಳೆಯ ಬಲಗಡೆಯಲ್ಲೇ ಇದೆ.

ಒಂದೇ ಔಷಧಿ ಎರಡು ಬೇರೆ ಬೇರೆ ವೈರಸ್ಸುಗಳನ್ನು ತಡೆಯಬಲ್ಲದು, ರೋಗವೇ ಇಲ್ಲದವರಿಗೆ ರೋಗ ಬಾರದ ಹಾಗೆಯೂ ಕಾಯಬಲ್ಲದು ಎಂದು ಕುಮಟಾದಲ್ಲಿ ನನಗೆ ತಿಳಿಸಿ ಹೇಳಿದವರಿದ್ದರು. ಅವಳಿಗೆ ಇದ್ದದ್ದು ಒಂದು ಒಲೆ, ಒಂದು ಅರ್ಧ ಓದಿದ ಕಾಗದ.

ವಾರ ಕಳೆಯುವುದರೊಳಗೆ ಜಗಲಿಯ ಬಾಟಲಿಗಳು ಮಾತಿಗೆ ಬಂದವು. "ಆ ಬಾಟ್ಲಿ ನೀರಲ್ಲಿ ನೆನೆಸಿದ ನಾರು. ಆ ನಾರಲ್ಲಿ ಕಟ್ಟಿದ ಹೂವು. ದೇವ್ರಿಗೆ ಹೆಂಗೆ ಏರ್ಸುದು?" ಎಂದು ಅಜ್ಜಿ ನಮ್ಮನೆಯಲ್ಲಿ ಹಾಲು ಅಳೆಯುತ್ತ ಹೇಳಿದಳು.

ಅಮ್ಮನಿಗೆ ಸಿಟ್ಟು ಬಂತು. "ಅದು ಹಂಗೆಲ್ಲ ಹರಡುದಲ್ಲ ಅಂತ ರೇಡಿಯೋದಲ್ಲಿ ದಿನಾ ಹೇಳ್ತ್ರಲ್ಲ ಅಜ್ಜಿ."

"ರೇಡಿಯೋದವ್ರು ಹೂವು ಮುಡೀತ್ರನೆ?"

ಅಮ್ಮ ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಜ್ಜಿ ಕೆಟ್ಟವಳೇನೂ ಅಲ್ಲ ಎಂಬುದನ್ನೂ ಬರೆಯಬೇಕು. ಅಷ್ಟು ಹೇಳಿದವಳೇ ಮರುದಿನ ಬೆಳಿಗ್ಗೆ ಅತ್ತೆಯ ಮನೆಗೆ ಹಾಲು ಕೊಡಲು ಹೋದಳು, ಎಂದಿನ ಜಾಗದಲ್ಲೇ ಕೂತಳು. ಅವಳು ಅಲ್ಲಿ ನೀರು ಕುಡಿದಳೋ ಇಲ್ಲವೋ ಎಂದು ನಾನು ಕಣ್ಣಿಟ್ಟು ನೋಡಿದೆ. ಕುಡಿದಳು. ಕುಡಿಯುವ ಮೊದಲು ಲೋಟವನ್ನು ಇನ್ನೊಮ್ಮೆ ತೊಳೆದಳು. ಇದನ್ನು ಯಾವ ಕಡೆಗೆ ಬರೆಯುವುದು?

ಗಿಡದ ಮೇಲೆ ಮೊಗ್ಗು ಅರಳಿ ಉದುರತೊಡಗಿತು. ಹೂವಿನತ್ತೆಗೆ ಬದುಕೆಂದರೆ ಆ ಗಿಡಗಳೇ. ಮಕ್ಕಳಿಲ್ಲ, ಗದ್ದೆ ಇಲ್ಲ. ಒಂದು ಬೆಳಿಗ್ಗೆ ಬಂದು ಅಮ್ಮನಿಗೆ ತನ್ನ ಉಪಾಯ ಹೇಳಿದಳು. ಮಾವಿನಕುರ್ವೆಯಲ್ಲಿ ಕಾಮಾಲೆಗೆ ನಾರುಬೇರಿನ ಮದ್ದು ಕೊಡುವ ಅಜ್ಜ ಇದ್ದಾರೆ. ಅವರು ಕಾಮಾಲೆ ಹೌದೋ ಅಲ್ಲವೋ ಎಂದು ಎಲ್ಲರ ಎದುರಿಗೇ ನೋಡಿ ಹೇಳುತ್ತಾರೆ.

"ಆಸ್ಪತ್ರೆ ಕಾಗ್ದ ತೋರ್ಸಿದ್ರೆ ಯಾರು ಓದ್ತ್ರು? ಅಲ್ಲಿಯ ಮದ್ದು ತಗಂಡ್ರೆ ನಂದು ಕಾಮಾಲೆ ಅಂತ ಊರಿಗೇ ಗೊತ್ತಾಗ್ತದೆ. ಹಾಲಜ್ಜಿನೂ ಕರ್ಕೊಂಡು ಹೋಪ."

"ಅವ್ಳ್ಯಾಕೆ?" ಎಂದಳು ಅಮ್ಮ.

"ನಾನು ನಾಳೆಯಿಂದ ಮನೆ ಮನೆಗೆ ಹೋಗಿ ಹೇಳೂಕಾಗ್ತದನೆ? ಅಜ್ಜಿ ಹೆಂಗೂ ಹೋಗ್ತಾಳಲ್ಲ."

ಎಷ್ಟೋ ದಿನಗಳ ಮೇಲೆ ಅಮ್ಮ ನಕ್ಕಳು. ಬೇರೆ ಯಾವ ಊರಿನಲ್ಲಾದರೂ ಹೆಸರು ಉಳಿಸಿಕೊಳ್ಳಲು ಹೀಗೆ ಮಾಡುತ್ತಾರೋ ಇಲ್ಲವೋ. ನಮ್ಮಲ್ಲಿ ಕಾಮಾಲೆ ಮರ್ಯಾದೆಯ ಕಾಯಿಲೆ. ಎಲ್ಲರ ಮನೆಯಲ್ಲೂ ಒಬ್ಬರಿಗಾದರೂ ಬಂದಿರುತ್ತದೆ. ಮದ್ದಿನ ಪಥ್ಯ ಮಾಡುವವರಿಗೆ ನೆರೆಮನೆಯಿಂದ ಗಂಜಿ ಹೋಗುತ್ತದೆ. ಎಣ್ಣೆಯ ಒಗ್ಗರಣೆ ಹಾಕುವಾಗ ಅವರಿಗೆ ವಾಸನೆ ತಾಗದಿರಲೆಂದು ಆಚೆಮನೆಯವರು ಕಿಟಕಿ ಮುಚ್ಚುತ್ತಾರೆ.

ನನ್ನನ್ನೂ ಸೇರಿಸಿ ನಾಲ್ವರೂ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋಗಿ, ಹೊಳೆ ದಾಟಿ ಆ ಮನೆ ತಲುಪಿದೆವು. ಮದ್ದಿನ ಅಜ್ಜ ಅತ್ತೆಯ ಕೈಗೆ ಯಾವುದೋ ತೊಗಟೆಯ ರಸ ಸವರಿ, ಹಿತ್ತಾಳೆ ಹರಿವಾಣದಲ್ಲಿದ್ದ ಸುಣ್ಣದ ತಿಳಿನೀರಿನಲ್ಲಿ ತೊಳೆಯಲು ಹೇಳಿದರು. ಹೂವಿನತ್ತೆ ಕೈ ಉಜ್ಜಿದಳು. ನೀರು ನಿಧಾನಕ್ಕೆ ಹಳದಿಯಾಯಿತು. ನೋಡುನೋಡುತ್ತ ಅರಿಶಿನ ಕದಡಿದ ಹಾಗೆ ಗಾಢವಾಯಿತು.

"ಅಯ್ಯೋ, ಕಾಮಾಲೆಯೇ! ಬರೀ ಕಾಮಾಲೆ!" ಎಂದು ಹಾಲಜ್ಜಿ ಕೂಗಿದ್ದು ಕೇಳಿದರೆ ಯಾರಿಗೋ ಗಂಡು ಮಗು ಹುಟ್ಟಿದೆ ಎಂದುಕೊಳ್ಳಬೇಕು. ಅಮ್ಮ ಕಣ್ಣೊರೆಸಿಕೊಂಡಳು. ಅತ್ತೆಯ ಕಣ್ಣಿನ ಬಿಳಿ ಬೆಳ್ಳಗೇ ಇತ್ತು, ನಾನು ಅದನ್ನೇ ನೋಡುತ್ತಿದ್ದೆ. ಮೈಯಲ್ಲಿ ಇಷ್ಟು ಹಳದಿ ಇದ್ದರೆ ಕಣ್ಣಿಗೆ ಬಾರದೆ ಎಲ್ಲಿ ಹೋಯಿತು? "ಅಜ್ಜಾ, ನಾನೂ ಕೈ ತೊಳೀಲಾ?" ಎಂದು ಕೇಳಿಯೇಬಿಟ್ಟೆ.

"ಎಂತಕ್ಕೆ, ನಿಂಗೂ ಒಂಚೂರು ಕಾಮಾಲೆ ಬೇಕನೇ?" ಎಂದರು ಅವರು. ಎಲ್ಲರೂ ನಕ್ಕರು. ಹೂವಿನತ್ತೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗು ನೋಡಿದ ಮೇಲೆ ನಾನು ಇನ್ನೊಂದು ಮಾತು ಹೇಗೆ ಕೇಳಲಿ...

ಮದ್ದು ಬರಿಹೊಟ್ಟೆಗೆ ಹಾಲಿನಲ್ಲಿ ಅರೆದು ಕುಡಿಯುವುದು. ಎಣ್ಣೆ ಇಲ್ಲ, ಮೀನಿಲ್ಲ, ಖಾರವಿಲ್ಲ. ಕೊನೆಗೆ ಅವರು ಕೇಳಿದರು, "ಇಂಗ್ಲಿಷ್ ಮದ್ದು ಎಂತಾದ್ರೂ ತಗಳ್ತ್ರಾ?"

"ಒಂದು ಗುಳಿಗೆ."

"ಬಿಡಿ. ಎರಡು ದೋಣಿಗೆ ಕಾಲಿಟ್ರೆ ಹೊಳೆ ದಾಟುಕಾಗುದಿಲ್ಲ."

ಎಲ್ಲ ಕಡೆ ಹೀಗೆ ಹೇಳುತ್ತಾರೆ ಎಂದಲ್ಲ. ಅಲ್ಲಿ ಹಾಗೆ ಹೇಳಿದರು. ಅವರು ಯಾವ ಗುಳಿಗೆ ಎಂದು ಕೇಳಲಿಲ್ಲ. ಅತ್ತೆ ಹೇಳಲೂ ಇಲ್ಲ. ಅಷ್ಟು ದೂರ ಬಂದದ್ದೇ ಆ ಗುಳಿಗೆಯ ಹೆಸರನ್ನು ಯಾರ ಬಾಯಲ್ಲೂ ಕೇಳದಿರಲಿ ಎಂದು.

ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಳು. "ಬಿಟ್ರೆ ಎಂತ ಆಗುದಂತ ಆ ಕಾಗ್ದದಲ್ಲಿ ಇತ್ತನೆ?" ಎಂದು ಮೆಲ್ಲಗೆ ಕೇಳಿದಳು.

"ಅಷ್ಟು ದೂರ ಓದ್ಲಿಲ್ಲ ಅತ್ತೆ. ನೀವು ಒಲೆಗೆ ಹಾಕಿದ್ರಿ."

"ಹೌದಲ್ಲ," ಎಂದಳು.

ಹಾಲಜ್ಜಿ ತನ್ನ ಕೆಲಸ ಚೆನ್ನಾಗಿ ಮಾಡಿದಳು. ವಾರದೊಳಗೆ ಸ್ಕೂಟರಿನವನು ಬಂದು ಜಗಲಿಯಲ್ಲಿ ಕೂತು ಚಾ ಕುಡಿದ. "ಅಂಗಡಿಯವಂಗೆ ಎಂತ ಗೊತ್ತು ಅಕ್ಕಾ, ಬಾಟ್ಲಿ ಬಾಟ್ಲಿ ಒಂದೇ ನಮ್ನಿ ಇರ್ತದೆ" ಎಂದ. ಪಥ್ಯ ಮುಗಿಯುವ ಹೊತ್ತಿಗೆ ಅವಳ ಮುಖಕ್ಕೆ ಕಳೆ ಬಂದಿತ್ತು. ಅಮ್ಮನೂ ಹಾಗೇ ಹೇಳುತ್ತಾಳೆ, ನನ್ನ ದಿನಚರಿಯಲ್ಲೂ ಹಾಗೇ ಇದೆ. ಒಳಗಿನ ಗೂಡಿನಲ್ಲಿ ಗಿಲಗಿಲ ಶಬ್ದ ಮತ್ತೆ ಕೇಳಲಿಲ್ಲ. ಗುಣವಾದ ಕಾಯಿಲೆಗೆ ಗುಳಿಗೆ ಏಕೆ? ತೆಗೆದುಕೊಂಡರೆ ಯಾವ ಕಾಯಿಲೆಗೆ ಎಂದು ಊರು ಕೇಳುವುದಿಲ್ಲವೆ? ಆಸ್ಪತ್ರೆಗೆ ಹೋಗುವ ದಿನ ಬಂತು, ಹೋಯಿತು. ಜಗಲಿಯ ಬಿಳಿ ಬಾಟಲಿಗಳ ಜಾಗದಲ್ಲಿ ತೆಂಗಿನ ಕರಟಗಳು ಬಂದವು. ಕರಟದಲ್ಲಿ ನಾರು ನಿಲ್ಲದೆ ಹೊರಗೆ ಜಾರುತ್ತಿತ್ತು.

ಮುಂದಿನ ಹಂಗಾಮು ಶುರುವಾಗುವ ಮೊದಲು ಅವಳ ಕಣ್ಣು ಹಳದಿಯಾಯಿತು. ಈ ಸಲ ಹರಿವಾಣ ಬೇಕಾಗಲಿಲ್ಲ. ಊಟ ಸೇರುತ್ತಿರಲಿಲ್ಲ, ಹೊಟ್ಟೆ ಬಾತಿತು, ಕಡೆಗೆ ಮಾತು ತಪ್ಪತೊಡಗಿತು. ದೊಡ್ಡಾಸ್ಪತ್ರೆಗೆ ಒಯ್ದರು. ಕಾರಿಗೆ ಹತ್ತಿಸುವಾಗ ನನ್ನ ಕೈ ಹಿಡಿದುಕೊಂಡು, "ಗುಣ ಆಗಿತ್ತಲ್ಲನೆ... ನೀನೂ ನೋಡ್ದಲ್ಲ, ನೀರು ಹಳದಿ ಆದದ್ದು..." ಎಂದಳು. ಅದು ಪ್ರಶ್ನೆಯೋ, ಸಾಕ್ಷಿ ಹೇಳು ಎಂಬ ಕೋರಿಕೆಯೋ ತಿಳಿಯಲಿಲ್ಲ. ನೋಡಿದೆ ಅತ್ತೆ ಎಂದೆ. ಅವಳು ಹಿಂತಿರುಗಲಿಲ್ಲ.

ಕಾಮಾಲೆ ಗುಣವಾದ ಮೇಲೆ ಕಾಮಾಲೆ ಬಂದು ಸತ್ತಳು ಎಂದು ಕೆಲವರು ಹೇಳಿದರು. ಅದು ಕಾಮಾಲೆಯಲ್ಲ, ಮೊದಲು ಕೇಳಿದ್ದೇ ನಿಜ ಎಂದು ಕೆಲವರು. ಎರಡನ್ನೂ ಹೇಳಿದವರು ಇನ್ನು ಕೆಲವರು. ನಾನು ಎಲ್ಲವನ್ನೂ ಬರೆದಿಟ್ಟೆ. ಬರೆದದ್ದನ್ನು ಓದಿದಷ್ಟೂ ಗೊಂದಲ ಹೆಚ್ಚಿತು.

ಕುಮಟಾದಲ್ಲಿ ನನ್ನ ಗುಳಿಗೆ ಶುರು ಮಾಡುವ ಮೊದಲು ಹಲವು ಪರೀಕ್ಷೆ ಮಾಡಿದರು. ಎಚ್‌ಐವಿ ಇಲ್ಲ ಎಂದು ಖಚಿತ ಮಾಡಿಕೊಂಡರು, ಕಿಡ್ನಿ ನೋಡಿದರು, ಹೆಪಟೈಟಿಸ್ ಬಿ ಕೂಡ ನೋಡಿದರು. ಅದೇಕೆ ಎಂದು ಅಲ್ಲಿದ್ದ ಆಪ್ತ ಸಮಾಲೋಚಕಿಯನ್ನು ಕೇಳಿದೆ. ನಿಮ್ಮ ಗುಳಿಗೆಯಲ್ಲಿ ಎರಡು ಔಷಧಿಗಳಿವೆ, ಎರಡೂ ಆ ವೈರಸ್ಸನ್ನೂ ಅದುಮಿಡುತ್ತವೆ, ಅದು ಮೈಯಲ್ಲಿ ಇರುವವರು ತಮ್ಮಷ್ಟಕ್ಕೆ ಗುಳಿಗೆ ನಿಲ್ಲಿಸಿದರೆ ಕೆಲವರಿಗೆ ಲಿವರಿನ ಕಾಯಿಲೆ ಒಮ್ಮೆಲೇ ಕೆರಳುತ್ತದೆ, ಜೀವಕ್ಕೂ ಅಪಾಯ, ಎಂದು ಹೇಳಿದರು. ಎರಡರಲ್ಲಿ ಒಂದರ ಹೆಸರನ್ನು ಹಿಂದೊಮ್ಮೆ ಒಲೆಯ ಬೆಳಕಿನಲ್ಲಿ ಅಕ್ಷರ ಅಕ್ಷರ ಕೂಡಿಸಿ ಓದಿದ್ದೆ. ಹತ್ತು ವರ್ಷದ ಹಿಂದೆ ಒಬ್ಬರು ಹಾಗೆ ನಿಲ್ಲಿಸಿದ್ದರು, ಅದರಿಂದಲೇ ಹೋದರೇ ಎಂದು ಕೇಳಿದೆ. ಆಕೆ ಪೆನ್ನು ಕೆಳಗಿಟ್ಟು, "ಇರಬಹುದು. ಕಾಗದಪತ್ರ ನೋಡದೆ ಅದರಿಂದಲೇ ಅಂತ ಹೇಳೋಕಾಗೋದಿಲ್ಲ" ಎಂದರು. ಇರಬಹುದು ಎಂಬುದನ್ನು ಬರೆಯಲು ನನ್ನ ಹಾಳೆಯಲ್ಲಿ ಜಾಗವಿಲ್ಲ.

ಅದೇ ಮಾತು ಬಾಟಲಿಯ ಕಾಗದದಲ್ಲೂ ಇತ್ತು. ಯಾವ ಮೂಲೆಯಲ್ಲೂ ಅಲ್ಲ, ಚೌಕ ಹಾಕಿ, ದಪ್ಪ ಅಕ್ಷರದಲ್ಲಿ.

ಗುಳಿಗೆ ಶುರುವಾದ ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುತ್ತಿತ್ತು, ತಲೆ ಭಾರ. ಸಂಜೆ ಅವನು ಹೊನ್ನಾವರದಿಂದ ಫೋನು ಮಾಡುತ್ತಾನೆ, ಅವನ ಗುಳಿಗೆ ಅವನು, ನನ್ನದು ನಾನು. ನನ್ನದನ್ನು ಬೇಡವಾದಾಗ ಡಾಕ್ಟರನ್ನು ಕೇಳಿ ನಿಲ್ಲಿಸಬಹುದು. ಅವನು ನಿಲ್ಲಿಸುವಂತಿಲ್ಲ. ಹೂವಿನತ್ತೆಯೂ ನಿಲ್ಲಿಸುವಂತಿರಲಿಲ್ಲ. ನಮ್ಮ ಮೂವರ ಬಾಟಲಿಯೂ ಒಂದೇ ಸದ್ದು ಮಾಡುತ್ತದೆ.

ಕಳೆದ ವಾರ ಅಮ್ಮ ಶಿರಾಲಿಯಿಂದ ಬಂದಿದ್ದಳು. ಅವಳಿಗೆ ಅವನು ಗೊತ್ತು, ಮದುವೆಯೂ ಗೊತ್ತು. ಅವನ ಕಾಯಿಲೆಯಾಗಲಿ ನನ್ನ ಗುಳಿಗೆಯಾಗಲಿ ಅವಳಿಗೆ ಗೊತ್ತಿರಲಿಲ್ಲ. ಹೇಳಿದರೆ ಮದುವೆ ಉಳಿಯುತ್ತದೋ ಇಲ್ಲವೋ ಎಂದು ನಾನು ದಿನ ದೂಡುತ್ತಿದ್ದೆ. ಈಗ ತನ್ನ ಜಗಲಿಯಲ್ಲೇ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ತಂದಿದ್ದ ಮಲ್ಲಿಗೆಯನ್ನು ಇಡಲು ಕಿಟಕಿಯ ಹಲಗೆಯಲ್ಲಿ ಜಾಗ ಮಾಡುವಾಗ ಅವಳ ಕೈಗೆ ಬಾಟಲಿ ಸಿಕ್ಕಿತು. ಅಲುಗಿತು. ಅಮ್ಮ ಅಲ್ಲೇ ನಿಂತಳು. ಮತ್ತೊಮ್ಮೆ, ಬೇಕೆಂದೇ, ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು.

"ಇದು ಅವ್ಳ ಮನೆ ಶಬ್ದ ಅಲ್ವನೆ?"

ನಾನು ಬಾಟಲಿಗೆ ಕೈ ಚಾಚಿದೆ, ಅವಳು ಕೊಡಲಿಲ್ಲ.

"ನಿಂಗೂ ಕಾಮಾಲೆಯಾ?"

ಹೌದು ಎಂದರೆ ಮುಗಿಯುತ್ತಿತ್ತು. ಅಮ್ಮ ಎಣ್ಣೆ ತಿನ್ನಬೇಡ ಎನ್ನುತ್ತಿದ್ದಳು, ಊರಿಗೆ ಹೋಗಿ ಹೇಳಿದರೂ ಯಾರ ಹುಬ್ಬೂ ಏರುತ್ತಿರಲಿಲ್ಲ. ಎಷ್ಟು ಸುಲಭದ ಮಾತು ಅದು. ಹೂವಿನತ್ತೆ ಹೊಳೆ ದಾಟಿ ಹೋಗಿ ತಂದ ಮಾತು.

"ಅಲ್ಲ ಅಮ್ಮ."

"ಮತ್ತೆ?"

ಹೇಳಿದೆ. ಅವನದ್ದು, ನನ್ನದು, ಗುಳಿಗೆಯದ್ದು, ಎಲ್ಲ. ಹಿಂದುಮುಂದಾಗಿ ಹೇಳಿದೆ. ಅಮ್ಮ ಮಂಚದ ಅಂಚಿನಲ್ಲಿ ಕೂತು ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ. "ಬಿಟ್ರೆ ಎಂತ ಆಗ್ತದೆ?"

"ನಂಗೆ ಎಂತ ಆಗುದಿಲ್ಲ. ಹೂವಿನತ್ತೆಗೆ..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಅಮ್ಮನಿಗೆ ಅಷ್ಟೇ ಸಾಕಾಯಿತು. ಅವಳ ಮುಖ ನೋಡಿದರೆ ಆ ಬಸ್ಸು, ಆ ಹೊಳೆ, ಆ ಹರಿವಾಣ ಎಲ್ಲ ಅಲ್ಲಿ ಹಾದುಹೋಗುತ್ತಿದ್ದವು.

"ನಾವೇ ಕರ್ಕೊಂಡು ಹೋದದ್ದಲ್ವನೆ..." ಎಂದಳು.

"ಗೊತ್ತಿಲ್ಲ ಅಮ್ಮ."

ಆ ದಿನ ಅವಳು ಮದುವೆಯ ಮಾತು ಎತ್ತಲಿಲ್ಲ. ಬೇಡ ಎನ್ನಲಿಲ್ಲ, ಆತು ಎಂದೂ ಹೇಳಲಿಲ್ಲ. ಅವಳ ಮನಸ್ಸಿನಲ್ಲಿ ಏನಿದೆ ಎಂದು ನನಗಿನ್ನೂ ತಿಳಿದಿಲ್ಲ. ಸಂಜೆಯ ಬಸ್ಸಿಗೆ ಹೊರಡುವಾಗ ಮೆಟ್ಟಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ, ತಲೆ ಎತ್ತದೆ ಹೇಳಿದಳು, "ಅದು ಖಾಲಿ ಆದ್ಮೇಲೆ ಬಿಸಾಡ್ಬೇಡ. ನಂಗೆ ಬೇಕು."

"ಎಂತಕ್ಕೆ?"

"ನಾರು ನೆನ್ಸೂಕೆ. ಜಗಲಿ ಮೇಲೆ ಇಟ್ಕೊಳ್ತೆ. ಕರಟದಲ್ಲಿ ನಿಲ್ಲುದಿಲ್ಲ."

ಬಾಟಲಿ ಇನ್ನೂ ಖಾಲಿಯಾಗಿಲ್ಲ. ಅಮ್ಮ ಇಟ್ಟುಹೋದ ಮಲ್ಲಿಗೆ ಮರುದಿನ ಅದರ ಪಕ್ಕದಲ್ಲೇ ಅರಳಿ, ಅದರ ಮರುದಿನ ಕೆಂಪಾಯಿತು. ಹಾಳೆಯನ್ನು ನಾನು ಮತ್ತೆ ತೆಗೆದು ನೋಡಿದೆ. ಎಲ್ಲವೂ ಬಲಕ್ಕೆ ಹೋಗಿ, ಎಡಗಡೆ ಒಂದೇ ಸಾಲು ಉಳಿದಿದೆ. ಹೂವಿನತ್ತೆ ಇಲ್ಲ.